ಬೈಕಿನ ಏರ್ ಫಿಲ್ಟರ್ ಡಬ್ಬಿಯಿಂದ ಎಂಜಿನ್‌ವರೆಗೆ: ಲೂಸ್ ಆಗುವ ಸ್ಕ್ರೂ, ಬೋಲ್ಟ್, ಕ್ಲಿಪ್ಪುಗಳನ್ನು ಸರಿಯಾಗಿ ಕೂರಿಸುವುದು ಹೇಗೆ

ಸೈಲೆನ್ಸರ್ ಬೋಲ್ಟ್ ಲೂಸ್ ಆದರೆ ಸದ್ದು ಬರುತ್ತದೆ. ಫುಟ್‌ರೆಸ್ಟ್ ಲೂಸ್ ಆದರೆ ಕಾಲಿಗೇ ಗೊತ್ತಾಗುತ್ತದೆ. ಆದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿರುವ ಸ್ಕ್ರೂ ಲೂಸ್ ಆದರೆ ಬಹಳ ದಿನ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಎಂಜಿನ್ ಒಂದೋ ಚೆನ್ನಾಗಿ ಧೂಳು ತಿಂದಿರುತ್ತದೆ, ಇಲ್ಲವೇ ಆ ಸ್ಕ್ರೂವನ್ನೇ ನುಂಗಿರುತ್ತದೆ.

ಇಲ್ಲಿ ಹೇಳುತ್ತಿರುವುದು ನಮ್ಮ ರಸ್ತೆಯಲ್ಲಿ ಜಾಸ್ತಿ ಓಡುವ ಒಂಟಿ ಸಿಲಿಂಡರ್ ಬೈಕುಗಳ ಬಗ್ಗೆ. ಸ್ಪ್ಲೆಂಡರ್ ತರಹದ ನೂರು ಸಿಸಿ ಗಾಡಿ ಇರಲಿ, ಬುಲೆಟ್ ಇರಲಿ, ಹಳೆಯ ಆರ್‌ಎಕ್ಸ್ 100 ಇರಲಿ, ಜೋಡಣೆ ಹೆಚ್ಚು ಕಡಿಮೆ ಒಂದೇ. ಗಾಳಿ ಮೊದಲು ಪ್ಲಾಸ್ಟಿಕ್ ಡಬ್ಬಿಗೆ ಬರುತ್ತದೆ, ಫಿಲ್ಟರ್ ದಾಟುತ್ತದೆ, ರಬ್ಬರ್ ಟ್ಯೂಬಿನಲ್ಲಿ ಹೋಗಿ ಕಾರ್ಬುರೇಟರಿಗೆ ಅಥವಾ ಇಂಜೆಕ್ಷನ್ ಗಾಡಿಯಾದರೆ ಥ್ರಾಟಲ್ ಬಾಡಿಗೆ ಸೇರುತ್ತದೆ, ಅಲ್ಲಿಂದ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಜೋಡಿಸುವ ಗಿಡ್ಡ ಪೈಪ್) ಮೂಲಕ ಸಿಲಿಂಡರಿನ ಮೇಲಿನ ಹೆಡ್ ಒಳಗೆ. ಆರ್‌ಎಕ್ಸ್ ತರಹದ ಟೂ ಸ್ಟ್ರೋಕ್ ಆದರೆ ಹೆಡ್ ಬದಲು ಒಂದೇ ಕಡೆಗೆ ತೆರೆಯುವ ರೀಡ್ ವಾಲ್ವ್ ದಾಟಿ ಕ್ರ್ಯಾಂಕ್‌ಕೇಸಿಗೆ. ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ 2020ರ ಏಪ್ರಿಲ್‌ನಲ್ಲಿ ಬಂದಮೇಲೆ ಬಹುಪಾಲು ಹೊಸ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು ನಿಜ, ಆದರೆ ಡಬ್ಬಿ, ಟ್ಯೂಬು, ಕ್ಲಿಪ್ಪು ಹಾಗೇ ಇವೆ.

ಮೊದಲೇ ಒಂದು ಮಾತು. ಲೂಸ್ ಆದದ್ದನ್ನು ಇನ್ನೂ ಬಿಗಿಯಾಗಿ ತಿರುಗಿಸಿಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಯಾಕೆ ಲೂಸ್ ಆಯಿತು ಅಂತ ನೋಡಬೇಕು, ಯಾಕೆಂದರೆ ಈ ದಾರಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಅಲ್ಯೂಮಿನಿಯಂ, ಕಬ್ಬಿಣ ಎಲ್ಲ ಇವೆ, ಒಂದೊಂದೂ ಒಂದೊಂದು ಕಾರಣಕ್ಕೆ ಸಡಿಲವಾಗುತ್ತದೆ.

ಫಿಲ್ಟರಿನ ಯಾವ ಕಡೆ ಇದೆ?

ಯಾವ ಸ್ಕ್ರೂಗೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಫಿಲ್ಟರಿಗಿಂತ ಮುಂಚೆ, ಅಂದರೆ ಹೊರಗಿನ ಗಾಳಿ ಬರುವ ಕಡೆ, ಸ್ಕ್ರೂ ಲೂಸ್ ಇದ್ದರೆ ಸ್ವಲ್ಪ ಸದ್ದು ಜಾಸ್ತಿ, ಮಳೆಗಾಲದಲ್ಲಿ ನೀರು ನುಗ್ಗಬಹುದು, ಅಷ್ಟೇ. ಬಿದ್ದರೂ ಫಿಲ್ಟರ್ ತಡೆಯುತ್ತದೆ.

ಫಿಲ್ಟರಿಗೂ ಕಾರ್ಬುರೇಟರಿಗೂ ನಡುವೆ ಸಂದು ಬಿಟ್ಟರೆ ಧೂಳು ಸೋಸದೆ ನೇರ ಒಳಗೆ ಹೋಗುತ್ತದೆ. ರಸ್ತೆ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಅದು ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಆಯಿಲ್ ಜೊತೆ ಸೇರಿಕೊಂಡು ಎಮರಿ ಪೇಸ್ಟ್ ಆಗಿಬಿಡುತ್ತದೆ. ರಿಂಗ್ ಸವೆಯುತ್ತದೆ, ಬೋರ್ ಸವೆಯುತ್ತದೆ, ಆಮೇಲೆ ಗಾಡಿ ಆಯಿಲ್ ತಿನ್ನಲು ಶುರು ಮಾಡುತ್ತದೆ, ಹೊಗೆ ಬಿಡುತ್ತದೆ. ಸಂಡೂರು, ಹೊಸಪೇಟೆ ಕಡೆ ಅದಿರು ಲಾರಿಗಳ ಹಿಂದೆ ದಿನಾ ಓಡಾಡುವವರು ಈ ಜಾಗವನ್ನು ಬೇರೆಯವರಿಗಿಂತ ಜಾಸ್ತಿ ಸಲ ನೋಡಬೇಕು.

ಕಾರ್ಬುರೇಟರ್ ದಾಟಿದ ಮೇಲೆ ಸಂದು ಬಿಟ್ಟರೆ ಕಥೆ ಬೇರೆ. ಅಲ್ಲಿ ಎಂಜಿನ್ ಗಟ್ಟಿಯಾಗಿ ಎಳೆಯುತ್ತಿರುತ್ತದೆ, ಸಣ್ಣ ಸಂದಿನಿಂದಲೂ ಹೊರಗಿನ ಗಾಳಿ ನುಗ್ಗುತ್ತದೆ. ಪೆಟ್ರೋಲ್ ಅಷ್ಟೇ, ಗಾಳಿ ಜಾಸ್ತಿ, ಅಂದರೆ ಮಿಕ್ಸ್ಚರ್ ಲೀನ್. ಎಂಜಿನ್ ಬಿಸಿ ಏರುತ್ತದೆ. ಟೂ ಸ್ಟ್ರೋಕ್ ಗಾಡಿಗಳಲ್ಲಿ ಇದು ಇನ್ನೂ ಕೆಟ್ಟದ್ದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ, ಯೆಜ್ಡಿಗಳಲ್ಲಿ ಆಯಿಲ್ ಪೆಟ್ರೋಲಿನ ಜೊತೆಯಲ್ಲೇ ಬೆರೆತು ಹೋಗುವುದು. ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾದ ಹಾಗೆ. ಪಿಸ್ಟನ್ ಜಾಮ್ ಆಗಲು ಇನ್ನೇನು ಬೇಕು?

ಹಿಡಿಯುವುದು ಹೇಗೆ

ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಾಕಿ ಹೊಡೆದ ಹಾಗೆ ಸದ್ದು, ಐಡ್ಲಿಂಗ್ ಒಮ್ಮೆ ಮೇಲೆ ಒಮ್ಮೆ ಕೆಳಗೆ, ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಇಳಿಯಲು ಸತಾಯಿಸುವುದು, ಇವೆಲ್ಲ ಕಾರ್ಬುರೇಟರ್ ಆಚೆಗಿನ ಲೀಕ್ ಲಕ್ಷಣ. ಇಂಜೆಕ್ಷನ್ ಗಾಡಿಯಲ್ಲಿ ಕಂಪ್ಯೂಟರ್ ಸ್ವಲ್ಪ ಸರಿದೂಗಿಸುವುದರಿಂದ ಬರೀ ಐಡ್ಲಿಂಗ್ ಏರಿದ ಹಾಗೆ ಕಾಣಬಹುದು. ಇಷ್ಟಾದ ತಕ್ಷಣ ಬಹಳ ಜನ ಕಾರ್ಬುರೇಟರ್ ಟ್ಯೂನ್ ಮಾಡಿಸಲು ಹೊರಡುತ್ತಾರೆ. ಲೀಕ್ ಇಟ್ಟುಕೊಂಡು ಟ್ಯೂನ್ ಮಾಡಿಸುವುದು ದುಡ್ಡು ದಂಡ. ಪಟಾಕಿಗೆ ಇನ್ನೊಂದು ಕಾರಣವೂ ಇದೆ: ಸೈಲೆನ್ಸರ್ ಪೋರ್ಟಿಗೆ ಗಾಳಿ ಬಿಡುವ ಸಣ್ಣ ಪೈಪ್ ಹಲವು ಗಾಡಿಗಳಲ್ಲಿ ಇದೇ ಡಬ್ಬಿಯಿಂದ ಹೊರಡುತ್ತದೆ, ಅದರ ಕ್ಲಿಪ್ ಕಳಚಿದ್ದರೂ ಸದ್ದು ಬರಬಹುದು. ಅದನ್ನೂ ಒಮ್ಮೆ ಮುಟ್ಟಿ ನೋಡಿ.

ಲೀಕ್ ಹುಡುಕಲು ಸುಲಭದ ದಾರಿ ನೀರಿನ ಸ್ಪ್ರೇ ಬಾಟಲಿ. ಗಾಡಿ ಐಡ್ಲಿಂಗ್‌ನಲ್ಲಿ ಬಿಟ್ಟು ಮ್ಯಾನಿಫೋಲ್ಡ್ ಸುತ್ತ, ಕ್ಲಿಪ್ಪಿನ ಸುತ್ತ ಸಣ್ಣಗೆ ನೀರು ಹೊಡೆಯಿರಿ. ಎಲ್ಲಿ ನೀರು ಬಿದ್ದಾಗ ಎಂಜಿನ್ ಸದ್ದು ಬದಲಾಗುತ್ತದೋ ಅಲ್ಲೇ ಸಂದು ಇದೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೋಡುವ ಪದ್ಧತಿಯೂ ಇದೆ, ಬೇಗ ಗೊತ್ತಾಗುತ್ತದೆ, ಆದರೆ ಅದು ಹೊತ್ತಿಕೊಳ್ಳುವ ವಸ್ತು, ಪಕ್ಕದಲ್ಲೇ ಬಿಸಿ ಸೈಲೆನ್ಸರ್ ಇರುತ್ತದೆ. ಮನೆಯ ಮುಂದೆ ಕೂತು ಮಾಡುವವರಿಗೆ ನೀರೇ ಸಾಕು.

ಧೂಳಿನ ಲೀಕ್ ಹುಡುಕಲು ಎಂಜಿನ್ ಆನ್ ಮಾಡಬೇಕಾಗಿಲ್ಲ. ಫಿಲ್ಟರ್ ತೆಗೆದು, ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ಟ್ಯೂಬಿನ ಒಳಗೋಡೆ ಒರೆಸಿ. ಸ್ವಲ್ಪ ಆಯಿಲ್ ಜಿಡ್ಡು ಬರುವುದು ಸಹಜ, ಯಾಕೆಂದರೆ ಎಂಜಿನಿನ ಉಸಿರಾಟದ ಪೈಪ್ ಡಬ್ಬಿಗೇ ಬರುತ್ತದೆ. ಆದರೆ ಕೆಂಪು ಅಥವಾ ಬೂದು ಬಣ್ಣದ ನುಣುಪು ಪುಡಿ ಬಂದರೆ ಧೂಳು ಫಿಲ್ಟರ್ ತಪ್ಪಿಸಿಕೊಂಡು ಬರುತ್ತಿದೆ ಅಂತಲೇ ಅರ್ಥ. ಎಲ್ಲಿಂದ ಬರುತ್ತಿದೆ ಅನ್ನುವುದನ್ನೂ ಧೂಳೇ ಹೇಳುತ್ತದೆ. ಸಂದಿನ ಜಾಗದಿಂದ ಒಳಗಡೆಗೆ ಧೂಳಿನ ಗೆರೆ ಎಳೆದಿರುತ್ತದೆ. ಆದ್ದರಿಂದ ಮೊದಲು ನೋಡಿ, ಆಮೇಲೆ ಒರೆಸಿ.

ಕೈ ಹಾಕುವ ಮುಂಚೆ

ಎಂಜಿನ್ ತಣ್ಣಗಿರಬೇಕು. ಡಬ್ಬಿಯ ಹೊರಗಡೆ, ಸ್ಕ್ರೂ ಸುತ್ತ ಇರುವ ಮಣ್ಣನ್ನು ಬ್ರಷ್ಷಿನಿಂದ ತೆಗೆಯಿರಿ, ಇಲ್ಲದಿದ್ದರೆ ಬಿಚ್ಚಿದ ಕೂಡಲೇ ಅದೇ ಒಳಗೆ ಬೀಳುತ್ತದೆ. ಟ್ಯೂಬಿನ ಬಾಯಿಗೆ ದೊಡ್ಡ, ನೂಲು ಬಿಡದ ಬಟ್ಟೆ ತುರುಕಿ. ದೊಡ್ಡದು ಯಾಕೆಂದರೆ ಹೊರಗೆ ಬಾಲ ಕಾಣಬೇಕು. ಸಣ್ಣ ಚೂರು ತುರುಕಿ ಮರೆತು ಗಾಡಿ ಸ್ಟಾರ್ಟ್ ಮಾಡಿದವರು ಇದ್ದಾರೆ. ಬಿಚ್ಚಿದ ಸ್ಕ್ರೂಗಳನ್ನು ಎಣಿಸಿ ಒಂದು ತಟ್ಟೆಯಲ್ಲಿಡಿ, ಉದ್ದ ಬೇರೆ ಬೇರೆ ಇದ್ದರೆ ಯಾವುದು ಎಲ್ಲಿಯದು ಅಂತ ಫೋಟೋ ತೆಗೆದುಕೊಳ್ಳಿ.

ಸ್ಕ್ರೂಡ್ರೈವರ್ ವಿಷಯದಲ್ಲಿ ಸ್ವಲ್ಪ ಹಟ ಮಾಡಿ. ಜಪಾನ್ ಮೂಲದ ವಿನ್ಯಾಸದ ಗಾಡಿಗಳಲ್ಲಿ ಸ್ಟಾರ್ ಸ್ಕ್ರೂ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಕಂಡರೆ ಅದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯದು. ನೋಡಲು ಫಿಲಿಪ್ಸ್ ತರಹವೇ ಇದ್ದರೂ ತಲೆಯ ತೋಡಿನ ಆಕಾರ ಸ್ವಲ್ಪ ಬೇರೆ. ಮಾಮೂಲಿ ಫಿಲಿಪ್ಸ್ ಹಾಕಿ ಒತ್ತಿದರೆ ಮೇಲಕ್ಕೆ ಜಾರುತ್ತದೆ, ಎರಡು ಮೂರು ಸಲಕ್ಕೆ ತಲೆ ಸವೆದು ಗುಂಡಿಯಾಗುತ್ತದೆ. ಜೆಐಎಸ್ ಡ್ರೈವರ್ ಒಂದು ಕೊಂಡುಬಿಡಿ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆ ಇದ್ದೇ ಇದೆ, ಮಿಕ್ಕವರಿಗೆ ಆನ್‌ಲೈನ್. ಅದರ ಜೊತೆ 8 ಮತ್ತು 10ರ ಟಿ ಸ್ಪ್ಯಾನರ್, ಒಂದು ಸಣ್ಣ ಕನ್ನಡಿ, ಟಾರ್ಚ್. ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು, ಆದರೆ ಚಕ್ರದ ನಟ್ಟಿಗೆ ಬಳಸುವ ದೊಡ್ಡ ರೆಂಚ್ ಇಲ್ಲಿ ಬೇಡ, ಅದಕ್ಕೆ ಇಷ್ಟು ಕಡಿಮೆ ಬಿಗಿ ತಿಳಿಯುವುದಿಲ್ಲ.

ಎಷ್ಟು ಬಿಗಿ ಅಂದರೆ, ಕಂಪನಿಯ ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಬೇರೆ ಅಂಕಿ ಕೊಟ್ಟಿಲ್ಲದಿದ್ದರೆ ಲೋಹಕ್ಕೆ ಹೋಗುವ 5 ಎಂಎಂ ಸ್ಕ್ರೂಗೆ ಸುಮಾರು 4 ನ್ಯೂಟನ್ ಮೀಟರ್, 6 ಎಂಎಂ ಬೋಲ್ಟಿಗೆ ಸುಮಾರು 10. ಈ 10 ಅಂದರೆ ಹತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಹತ್ತು ಕೆಜಿ ಭಾರ ಬಿಟ್ಟಷ್ಟು. ಅದಕ್ಕಿಂತ ಜಾಸ್ತಿ ಬೇಡ. ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಫಿಲ್ಟರ್ ಮುಚ್ಚಳದ ಸ್ಕ್ರೂಗಳು

ಪ್ರತಿ ಸರ್ವಿಸ್‌ಗೂ ಬಿಚ್ಚಿ ಹಾಕುವುದು ಇವನ್ನೇ, ಹಾಗಾಗಿ ಮೊದಲು ಹಾಳಾಗುವುದೂ ಇವೇ. ಬಹಳ ಗಾಡಿಗಳಲ್ಲಿ ಇವು ಪ್ಲಾಸ್ಟಿಕ್‌ನಲ್ಲೇ ಥ್ರೆಡ್ ಕೊರೆದುಕೊಂಡು ಹೋಗುವ ಸ್ಕ್ರೂಗಳು. ಮೊದಲ ಸಲ ಹಾಕಿದಾಗ ಒಂದು ದಾರಿ ಆಗಿರುತ್ತದೆ. ಪ್ರತಿ ಸಲ ಅದೇ ದಾರಿಯಲ್ಲಿ ಹೋದರೆ ಎಷ್ಟು ವರ್ಷವಾದರೂ ಹಿಡಿಯುತ್ತದೆ. ಅವಸರದಲ್ಲಿ ಓರೆ ಕೂರಿಸಿ ಡ್ರಿಲ್ ಗನ್ ಒತ್ತಿದರೆ ಹೊಸ ದಾರಿ ಕೊರೆದು ಹಳೆಯದನ್ನು ಕತ್ತರಿಸುತ್ತದೆ. ಎರಡು ಸರ್ವಿಸ್‌ನಲ್ಲಿ ಥ್ರೆಡ್ ಹೋಯಿತು ಅಂತ ಲೆಕ್ಕ.

ಇದಕ್ಕೆ ಒಂದು ಸುಲಭದ ಉಪಾಯ ಇದೆ, ಗೊತ್ತಿರುವವರು ಕಣ್ಣು ಮುಚ್ಚಿ ಮಾಡುತ್ತಾರೆ. ಸ್ಕ್ರೂವನ್ನು ತೂತಿನ ಮೇಲಿಟ್ಟು, ಒತ್ತದೆ, ಮೊದಲು ಉಲ್ಟಾ ತಿರುಗಿಸಿ, ಅಂದರೆ ಬಿಚ್ಚುವ ದಿಕ್ಕಿಗೆ. ಒಂದು ಸುತ್ತಿನೊಳಗೆ ಎಲ್ಲೋ 'ಟಕ್' ಅಂತ ಸಣ್ಣಗೆ ಕೆಳಗಿಳಿದದ್ದು ಕೈಗೆ ಗೊತ್ತಾಗುತ್ತದೆ. ಹಳೆಯ ದಾರಿ ಶುರುವಾಗುವುದು ಅಲ್ಲೇ. ಈಗ ಮುಂದಕ್ಕೆ ತಿರುಗಿಸಿ, ಬೆರಳ ತುದಿಯಲ್ಲೇ ಸಲೀಸಾಗಿ ಹೋಗಬೇಕು. ಬಿಗಿ ಹತ್ತಿತು ಅನಿಸಿದರೆ ನಿಲ್ಲಿಸಿ, ಮತ್ತೆ ಹಿಂದಕ್ಕೆ ಬನ್ನಿ. ಎಲ್ಲ ಸ್ಕ್ರೂಗಳನ್ನೂ ಮೊದಲು ಸುಮ್ನೆ ಕೂರಿಸಿ, ಆಮೇಲೆ ಎದುರುಬದುರು ಮೂಲೆಗಳಂತೆ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಬನ್ನಿ. ಮುಚ್ಚಳದ ಪ್ಯಾಕಿಂಗ್ ಸಮನಾಗಿ ಒತ್ತಿದರೆ ಸಾಕು. ಅದಕ್ಕಿಂತ ಮುಂದೆ ತಿರುಗಿಸಿದರೆ ಬಿಗಿಯಾಗುವುದಿಲ್ಲ, ಕಿತ್ತುಹೋಗುತ್ತದೆ.

ಈಗಾಗಲೇ ಕಿತ್ತುಹೋಗಿದ್ದರೆ? ಅದೇ ಅಳತೆಯ, ಸ್ವಲ್ಪ ಉದ್ದದ ಸ್ಕ್ರೂ ಹಾಕಿ ನೋಡಿ. ತೂತಿನ ತಳದಲ್ಲಿ ಇನ್ನೂ ಮುಟ್ಟದ ಪ್ಲಾಸ್ಟಿಕ್ ಉಳಿದಿದ್ದರೆ ಹಿಡಿಯುತ್ತದೆ. ಆದರೆ ಸ್ಕ್ರೂ ತುದಿ ಆಚೆ ತೂತು ಮಾಡಿಕೊಂಡು ಡಬ್ಬಿಯ ಒಳಗೆ ಇಣುಕಬಾರದು, ಅಳೆದು ನೋಡಿ. ಅದೂ ಆಗದಿದ್ದರೆ ಹಿತ್ತಾಳೆಯ ಥ್ರೆಡ್ ಬುಷ್ ಸಿಗುತ್ತದೆ, ಸೋಲ್ಡರಿಂಗ್ ಐರನ್ನಿನಿಂದ ಬಿಸಿ ಮಾಡಿ ಪ್ಲಾಸ್ಟಿಕ್ ಒಳಗೆ ಇಳಿಸುವುದು. ನೇರವಾಗಿ ಇಳಿಸಬೇಕು, ತಣ್ಣಗಾಗುವವರೆಗೆ ಕೈ ಹಚ್ಚಬಾರದು. ಆಮೇಲೆ ಮಾಮೂಲಿ ಮೆಷಿನ್ ಸ್ಕ್ರೂ ಹಾಕಬಹುದು, ಮತ್ತೆ ಆ ತೊಂದರೆ ಇರುವುದಿಲ್ಲ. ಬೆಂಕಿಕಡ್ಡಿ ಚೂರು ತುರುಕುವುದು, ಫೆವಿಕ್ವಿಕ್ ಬಿಡುವುದು, ಟೆಫ್ಲಾನ್ ಟೇಪ್ ಸುತ್ತುವುದು ಎಲ್ಲ ಬೇಡ. ಕಡ್ಡಿಯ ಚೂರು, ಟೇಪಿನ ಎಳೆ ಕೊನೆಗೆ ಹೋಗುವುದು ಎಲ್ಲಿಗೆ ಹೇಳಿ.

ಕೆಲವು ಗಾಡಿಗಳಲ್ಲಿ ಪ್ಲಾಸ್ಟಿಕ್ ಅಂಚಿಗೆ ಸಿಕ್ಕಿಸುವ ತಗಡಿನ ಕ್ಲಿಪ್ ನಟ್ ಇರುತ್ತದೆ. ಅದು ಸಡಿಲವಾಗಿದ್ದರೆ ಹೊಸದು ಹಾಕಿ. ತಗಡಿನ ಬಾಯಿಯನ್ನು ಇಕ್ಕಳದಲ್ಲಿ ಒತ್ತಿದರೆ ಸದ್ಯಕ್ಕೆ ನಿಲ್ಲುತ್ತದೆ, ಆದರೆ ಆ ಜಾಗ ಫಿಲ್ಟರಿನ ಒಳಗಡೆ ಇದ್ದರೆ ಆ ರಿಸ್ಕ್ ತೆಗೆದುಕೊಳ್ಳಬೇಡಿ.

ಡಬ್ಬಿಯನ್ನು ಚಾಸಿಗೆ ಹಿಡಿದಿರುವ ಬೋಲ್ಟ್

ಎಷ್ಟು ಬಿಗಿ ಮಾಡಿದರೂ ತಿಂಗಳಿಗೊಮ್ಮೆ ಲೂಸ್ ಆಗುತ್ತದೆ ಅಂತ ಜನ ದೂರುವುದು ಬಹುಪಾಲು ಈ ಬೋಲ್ಟಿನ ಬಗ್ಗೆ. ಡಬ್ಬಿಯ ಕಿವಿಯಲ್ಲಿ ಒಂದು ರಬ್ಬರ್ ಬುಷ್, ಅದರೊಳಗೆ ಒಂದು ಸಣ್ಣ ಲೋಹದ ಕಾಲರ್ ಇರುತ್ತದೆ. ಬೋಲ್ಟ್ ಬಿಗಿ ಮಾಡಿದಾಗ ಅದು ಹಿಡಿಯಬೇಕಾದ್ದು ಕಾಲರನ್ನು, ಲೋಹ ಲೋಹಕ್ಕೆ. ರಬ್ಬರ್ ಸುತ್ತ ಅದರ ಪಾಡಿಗೆ ಅದು ಅಲುಗಾಡುತ್ತಾ ಕಂಪನ ತಿನ್ನುತ್ತಿರುತ್ತದೆ. ಸರ್ವಿಸ್ ಮಾಡುವಾಗ ಈ ಕಾಲರ್ ಜಾರಿ ಬಿದ್ದು ಕಳೆದುಹೋಗುವುದು ತುಂಬಾ ಸಾಮಾನ್ಯ, ಯಾರೂ ಹುಡುಕುವುದಿಲ್ಲ. ಆಮೇಲೆ ಬೋಲ್ಟ್ ನೇರವಾಗಿ ರಬ್ಬರನ್ನೇ ಅಮುಕುತ್ತದೆ. ರಬ್ಬರ್ ದಿನ ಕಳೆದಂತೆ ಕುಗ್ಗುತ್ತದೆ, ಬಿಗಿ ಹೋಗುತ್ತದೆ, ಬೋಲ್ಟ್ ತಿರುಗುತ್ತದೆ. ಇನ್ನಷ್ಟು ಬಿಗಿ ಮಾಡುತ್ತೀರಿ, ರಬ್ಬರ್ ಹರಿಯುತ್ತದೆ. ಥ್ರೆಡ್ ಲಾಕರ್ (ಥ್ರೆಡ್ ಹಿಡಿದಿಡುವ ಅಂಟು) ಹಚ್ಚಿದರೆ ಬೋಲ್ಟ್ ಬೀಳುವುದಿಲ್ಲ ನಿಜ, ಡಬ್ಬಿ ಮಾತ್ರ ಕುಣಿಯುತ್ತಲೇ ಇರುತ್ತದೆ, ಆ ಕುಣಿತ ಟ್ಯೂಬನ್ನು ಎಳೆದು ಕ್ಲಿಪ್ ಸಡಿಲಿಸುತ್ತದೆ.

ಹಾಗಾಗಿ ಮೊದಲು ಬೋಲ್ಟ್ ಬಿಚ್ಚಿ ಕಾಲರ್ ಇದೆಯಾ ನೋಡಿ. ಇಲ್ಲದಿದ್ದರೆ ಪಾರ್ಟ್ಸ್ ಅಂಗಡಿಯಲ್ಲಿ ಆ ಗಾಡಿಯದ್ದೇ ಕಾಲರ್ ಕೇಳಿ, ಸಿಗದಿದ್ದರೆ ಲೇತಿನವರಿಗೆ ಅಳತೆ ಕೊಟ್ಟರೆ ಕಡಿಮೆ ದುಡ್ಡಿಗೆ ಮಾಡಿಕೊಡುತ್ತಾರೆ. ಉದ್ದ ರಬ್ಬರ್ ಬುಷ್ಷಿಗಿಂತ ಕೂದಲೆಳೆಯಷ್ಟು ಕಡಿಮೆ ಇರಲಿ, ಬಿಗಿ ಮಾಡಿದಾಗ ರಬ್ಬರ್ ಸ್ವಲ್ಪ ಒತ್ತಿ ಬೋಲ್ಟ್ ಕಾಲರಿಗೆ ಬಂದು ಕೂರುತ್ತದೆ.

ಇನ್ನೊಂದು ಕಾರಣ ಬೋಲ್ಟಿನ ಉದ್ದ. ಮೂಲ ಬೋಲ್ಟ್ ಕಳೆದು ಯಾವುದೋ ಉದ್ದದ್ದು ಹಾಕಿದ್ದರೆ ಅದು ತೂತಿನ ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯಾದ ಹಾಗೆ ಅನಿಸುತ್ತದೆ, ಆದರೆ ತಲೆಯ ಕೆಳಗೆ ಏನನ್ನೂ ಹಿಡಿದಿರುವುದಿಲ್ಲ. ಬಿಗಿ ಮಾಡಿದ ಮೇಲೆ ತಲೆಯ ಕೆಳಗಿನ ವಾಷರ್ ಅಲುಗಾಡಿಸಿ ನೋಡಿ. ಅಲುಗಾಡಿದರೆ ಬೋಲ್ಟ್ ಉದ್ದ ಜಾಸ್ತಿ.

ಬುಲೆಟ್ಟಿನವರಿಗೆ ಒಂದು ಮಾತು. 2020ಕ್ಕಿಂತ ಹಳೆಯ 350 ಎಂಜಿನ್‌ಗೆ 70 ಎಂಎಂ ಬೋರ್, 90 ಎಂಎಂ ಸ್ಟ್ರೋಕ್, ಕಂಪನ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲ. ಕಂಪನ ಅದರ ಹುಟ್ಟುಗುಣ. ಮೀಟಿಯರ್ ಜೊತೆ ಬಂದ ಹೊಸ ಎಂಜಿನ್ನಿನಲ್ಲಿ ಬ್ಯಾಲೆನ್ಸರ್ ಇದೆ, ಕಂಪನ ಕಡಿಮೆ. ಹಳೆಯದು ಇಟ್ಟುಕೊಂಡವರು ಆಯಿಲ್ ಬದಲಿಸುವಾಗಲೆಲ್ಲ ಈ ಬೋಲ್ಟುಗಳು ಸಡಿಲವಾಗಿವೆಯಾ ಅಂತ ಒಮ್ಮೆ ನೋಡುವುದು ಒಳ್ಳೆಯದು.

ರಬ್ಬರ್ ಟ್ಯೂಬು ಮತ್ತು ಕ್ಲಿಪ್

ಕ್ಲಿಪ್ಪಿನ ಸ್ಕ್ರೂ ಮುಟ್ಟುವ ಮೊದಲು ಟ್ಯೂಬ್ ಪೂರ್ತಿ ಕೂತಿದೆಯಾ ನೋಡಿ. ಡಬ್ಬಿ ತೆಗೆದು ಹಾಕಿದ ಮೇಲೆ ಮೇಲ್ಭಾಗ ಸರಿಯಾಗಿ ಕೂತು, ಕಣ್ಣಿಗೆ ಕಾಣದ ಕೆಳಭಾಗ ಮಡಚಿಕೊಂಡಿರುವುದು ಮಾಮೂಲು. ಕನ್ನಡಿ ಬೇಕು ಅಂದದ್ದು ಇದಕ್ಕೇ. ಟ್ಯೂಬಿನ ಮೇಲೆ ಒಂದು ಸಣ್ಣ ಗೆರೆಯೋ ಉಬ್ಬೋ ಇದ್ದರೆ ಅದು ಕಾರ್ಬುರೇಟರಿನ ಮೇಲಿರುವ ಗುರುತಿಗೆ ನೇರವಾಗಿ ಬರಬೇಕು.

ರಬ್ಬರ್ ವಯಸ್ಸಾದಂತೆ ಗಟ್ಟಿಯಾಗುತ್ತದೆ. ಮಡಿಕೆಗಳನ್ನು ಬೆರಳಲ್ಲಿ ಅಗಲಿಸಿ ನೋಡಿ, ಒಳಗೆ ಸಣ್ಣ ಬಿರುಕು ಕಂಡರೆ ಟ್ಯೂಬನ್ನೇ ಬದಲಿಸಿ. ಕ್ಲಿಪ್ ಎಷ್ಟು ಒತ್ತಿದರೂ ಕಲ್ಲಾದ ರಬ್ಬರ್ ಹಿಡಿಯುವುದಿಲ್ಲ. ಹೊಸ ಟ್ಯೂಬ್ ಹಾಕುವಾಗ ಸ್ವಲ್ಪ ಹೊತ್ತು ಬಿಸಿ ನೀರಿನಲ್ಲಿ ಇಟ್ಟು, ನೀರು ಪೂರ್ತಿ ಒರೆಸಿ ಹಾಕಿದರೆ ಸಲೀಸು. ಗ್ರೀಸ್, ಎಂಜಿನ್ ಆಯಿಲ್ ಹಚ್ಚಬೇಡಿ, ಆಮೇಲೆ ಜಾರಿ ಹೊರಗೆ ಬರುತ್ತದೆ.

ಕ್ಲಿಪ್ ಅನ್ನು ರಬ್ಬರಿನ ಅಂಚಿಗೆ ಅಲ್ಲ, ಅದಕ್ಕೆಂದೇ ಇರುವ ತೋಡಿನಲ್ಲಿ ಕೂರಿಸಬೇಕು. ಕಾರ್ಬುರೇಟರ್ ಬಾಯಿಯ ಉಬ್ಬು ಕ್ಲಿಪ್ಪಿನ ಆಚೆ, ಒಳಗಡೆ ಉಳಿಯಬೇಕು. ರಬ್ಬರ್ ಕ್ಲಿಪ್ಪಿನ ಸಂದುಗಳಿಂದ ಉಬ್ಬಿ ಹೊರಬರುವಷ್ಟು ತಿರುಗಿಸಿದರೆ ಜಾಸ್ತಿಯಾಯಿತು. ಹಾರ್ಡ್‌ವೇರ್ ಅಂಗಡಿಯ ನೀರಿನ ಪೈಪಿನ ಕ್ಲಿಪ್ ಹಾಕುವವರಿದ್ದಾರೆ. ಅದರ ಪಟ್ಟಿಯಲ್ಲಿ ಉದ್ದಕ್ಕೂ ಸೀಳು ಇರುತ್ತದೆ, ಅದು ರಬ್ಬರನ್ನು ಕತ್ತರಿಸುತ್ತದೆ. ಗಾಡಿಯದ್ದೇ ಕ್ಲಿಪ್ ತನ್ನಿ. ಸ್ಕ್ರೂ ತಲೆ ಮುಂದಿನ ಸಲ ಡ್ರೈವರ್ ಹೋಗುವ ಕಡೆಗೆ ತಿರುಗಿರಲಿ, ಡಬ್ಬಿ ಬಿಚ್ಚದೆ ಬಿಗಿ ನೋಡಬಹುದು.

ಮ್ಯಾನಿಫೋಲ್ಡಿನ ಎರಡು ಬೋಲ್ಟುಗಳು

ಇಲ್ಲಿ ಸಮಸ್ಯೆ ಬಹಳ ಸಲ ಲೂಸ್ ಅಲ್ಲ, ಅತಿ ಬಿಗಿ. ಎರಡೇ ಬೋಲ್ಟಿನಲ್ಲಿ ಕೂರುವ ಕಾರ್ಬುರೇಟರಿನ ಚಪ್ಪಟೆ ಮುಖ ಮೆತ್ತನೆಯ ಮಿಶ್ರಲೋಹದ್ದು. ಗಾಳಿ ಲೀಕ್ ಆಗುತ್ತಿದೆ ಅಂತ ಎರಡೂ ಕಡೆ ಜೋರಾಗಿ ಬಿಗಿ ಮಾಡಿದರೆ ಕಿವಿಗಳು ಎಂಜಿನ್ ಕಡೆಗೆ ಬಾಗಿ, ನಡುವೆ ಸಂದು ಬಿಟ್ಟು, ಲೀಕ್ ಇನ್ನೂ ಜಾಸ್ತಿಯಾಗುತ್ತದೆ. ಮತ್ತೆ ಬಿಗಿ ಮಾಡುತ್ತಾರೆ, ಮತ್ತೆ ಬಾಗುತ್ತದೆ.

ಪರೀಕ್ಷೆ ಸುಲಭ. ಕಾರ್ಬುರೇಟರ್ ಬಿಚ್ಚಿ, ಓ-ರಿಂಗ್ ತೆಗೆದು, ಅದರ ಮುಖವನ್ನು ಒಂದು ಗಾಜಿನ ಮೇಲಿಟ್ಟು ಆಚೆಯಿಂದ ಟಾರ್ಚ್ ಬಿಡಿ. ನಡುವೆ ಬೆಳಕು ಕಂಡರೆ ಬಾಗಿದೆ. ಸ್ವಲ್ಪ ಬಾಗಿದ್ದರೆ ಗಾಜಿನ ಮೇಲೆ ನುಣ್ಣನೆಯ ಎಮರಿ ಪೇಪರ್ ಇಟ್ಟು, ಎಂಟರ ಆಕಾರದಲ್ಲಿ ನಿಧಾನಕ್ಕೆ ತಿಕ್ಕಿ. ಮುಖದ ಎಲ್ಲ ಕಡೆ ಒಂದೇ ತರಹದ ಹೊಳಪು ಬಂದರೆ ಸಾಕು. ಜಾಸ್ತಿ ತಿಕ್ಕಿದರೆ ಓ-ರಿಂಗ್ ಕೂರುವ ತೋಡಿನ ಆಳ ಕಡಿಮೆಯಾಗುತ್ತದೆ. ಆಮೇಲೆ ಪುಡಿ ಪೂರ್ತಿ ಹೋಗುವ ಹಾಗೆ ಪೆಟ್ರೋಲಿನಲ್ಲಿ ತೊಳೆದು, ಹೊಸ ಓ-ರಿಂಗ್ ಹಾಕಿ. ನಡುವೆ ಬರುವ ಕಪ್ಪು ಬ್ಯಾಕಲೈಟ್ ತುಂಡನ್ನೂ ನೋಡಿ, ಅದು ಎಂಜಿನ್ನಿನ ಬಿಸಿ ಕಾರ್ಬುರೇಟರಿಗೆ ಹತ್ತದಂತೆ ತಡೆಯುವುದು, ಜೋರು ಮಾಡಿದರೆ ಸೀಳುತ್ತದೆ. ಸೀಳಿದ್ದರೆ ಹೊಸದೇ ಗತಿ.

ಬೋಲ್ಟುಗಳನ್ನು ಒಂದು ಅರ್ಧ ಸುತ್ತು ಈ ಕಡೆ, ಒಂದು ಅರ್ಧ ಸುತ್ತು ಆ ಕಡೆ ಅಂತ ತನ್ನಿ. ಓ-ರಿಂಗ್ ಇರುವಲ್ಲಿ ಅನಬಾಂಡ್ ತರಹದ ಸಿಲಿಕೋನ್ ಪೇಸ್ಟ್ ಹಚ್ಚುವುದು ಬೇಡವೇ ಬೇಡ. ಒಳಗೆ ಹಿಸುಕಿಕೊಂಡು ಬಂದ ಪೇಸ್ಟ್ ಪೆಟ್ರೋಲಿಗೆ ಮೆತ್ತಗಾಗಿ ಎದ್ದು ಹೋಗುತ್ತದೆ.

ಥ್ರೆಡ್ ಲಾಕರ್, ಸ್ಪ್ರಿಂಗ್ ವಾಷರ್

ಸ್ಪ್ರಿಂಗ್ ವಾಷರ್ ಹಾಕಿದರೆ ಲೂಸ್ ಆಗುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಬೋಲ್ಟನ್ನು ಅಡ್ಡಡ್ಡ ಅಲುಗಾಡಿಸುವ ಯಂತ್ರ ಕಟ್ಟಿ ತೋರಿಸಿದ್ದಾರೆ: ಹಿಡಿದ ಎರಡು ಭಾಗಗಳು ಪಕ್ಕಕ್ಕೆ ಜಾರುವಾಗಲೇ ಬೋಲ್ಟ್ ತಾನಾಗಿ ಬಿಚ್ಚಿಕೊಳ್ಳುವುದು. ಆ ಬಗೆಯ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರ್ ಹೇಳಿಕೊಳ್ಳುವಂಥ ಉಪಕಾರ ಮಾಡುವುದಿಲ್ಲ. ಬಿಗಿ ಮಾಡಿದ ಮೇಲೆ ಅದು ಚಪ್ಪಟೆಯಾಗಿ ಮಾಮೂಲಿ ವಾಷರೇ ಆಗುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ ಅಂದರೆ ಸೆಕೆಂಡಿಗೆ 100 ಸಲ ಅಲುಗಾಟ. ಅದನ್ನು ತಡೆಯುವುದು ಸರಿಯಾದ ಬಿಗಿ, ಆಮೇಲೆ ಥ್ರೆಡ್ ಲಾಕರ್. ನೈಲಾನ್ ಇರುವ ನಟ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ, ಸೈಲೆನ್ಸರಿನ ಹತ್ತಿರ ಬೇಡ ಅಷ್ಟೇ. ಬೆರಳಲ್ಲೇ ಸಲೀಸಾಗಿ ತಿರುಗುವಷ್ಟು ಸವೆದಿದ್ದರೆ ಎಸೆಯಿರಿ.

ಥ್ರೆಡ್ ಲಾಕರ್ ಗಾಳಿ ಇಲ್ಲದ ಜಾಗದಲ್ಲಿ, ಲೋಹ ತಾಗಿದಾಗ ಗಟ್ಟಿಯಾಗುವ ದ್ರವ. ಬಾಟಲಿ ಅರ್ಧ ಖಾಲಿ ಬಂತು ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ಒಳಗೆ ಗಾಳಿ ಇಲ್ಲದಿದ್ದರೆ ಬಾಟಲಿಯಲ್ಲೇ ಗಟ್ಟಿಯಾಗಿಬಿಡುತ್ತದೆ. ಲಾಕ್‌ಟೈಟ್‌ನಲ್ಲಿ ನೇರಳೆ ಬಣ್ಣದ 222 ಸಣ್ಣ ಸ್ಕ್ರೂಗಳಿಗೆ, ನೀಲಿಯ 243 ಆರು ಎಂಎಂ ಮತ್ತು ಮೇಲಿನ ಬೋಲ್ಟುಗಳಿಗೆ. ಸ್ವಲ್ಪ ಆಯಿಲ್ ಜಿಡ್ಡಿದ್ದರೂ 243 ಹಿಡಿಯುತ್ತದೆ. ಕೆಂಪಿನ 271 ಈ ಜಾಗಕ್ಕೆ ಬೇಡ. ಅದನ್ನು ಬಿಚ್ಚಲು ಬೆಂಕಿ ತೋರಿಸಬೇಕು, ಪೆಟ್ರೋಲ್ ಪೈಪಿನ ಪಕ್ಕದಲ್ಲಿ ಯಾರಿಗೆ ಬೇಕು ಆ ಉಸಾಬರಿ?

ಹಳೆಯ ಅಂಟನ್ನು ತಂತಿ ಬ್ರಷ್ಷಿನಿಂದ ತೆಗೆದು, ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಥ್ರೆಡ್ ಒರೆಸಿ, ಒಣಗಲು ಬಿಡಿ. ಒಂದೇ ಹನಿ, ಥ್ರೆಡ್ ಕಚ್ಚುವ ಜಾಗಕ್ಕೆ. ತುದಿಯಿಂದ ತಲೆವರೆಗೆ ಬಳಿಯಬೇಡಿ. ಉಕ್ಕಿನ ಮೇಲೆ ಸ್ವಲ್ಪ ಹೊತ್ತಿಗೇ ಕಚ್ಚುತ್ತದೆ, ಆದರೆ ಪೂರ್ತಿ ಬಲ ಬರಲು 24 ಗಂಟೆ ಬೇಕು. ಸ್ಟೇನ್‌ಲೆಸ್ ಬೋಲ್ಟಿನಲ್ಲಿ ಇನ್ನೂ ನಿಧಾನ. ಆದ್ದರಿಂದ ಸಂಜೆ ಮಾಡಿ ಮರುದಿನ ಸಂಜೆ ಗಾಡಿ ತೆಗೆಯುವುದು ಒಳ್ಳೆಯದು.

ಪ್ಲಾಸ್ಟಿಕ್‌ಗೆ ಥ್ರೆಡ್ ಲಾಕರ್ ಹಚ್ಚಲೇಬೇಡಿ. ಎಬಿಎಸ್, ಪಾಲಿಕಾರ್ಬೊನೇಟ್ ತರಹದ ಪ್ಲಾಸ್ಟಿಕ್ ಅದಕ್ಕೆ ಬಿರುಕು ಬಿಡುತ್ತದೆ. ಸ್ಕ್ರೂ ಭದ್ರ ಮಾಡಲು ಹೋಗಿ ಸ್ಕ್ರೂ ಕೂರುವ ಕಂಬವನ್ನೇ ಕಳೆದುಕೊಳ್ಳುತ್ತೀರಿ. ಹಿತ್ತಾಳೆ ಬುಷ್ ಇಳಿಸಿದ ಜಾಗದಲ್ಲೂ ಸುತ್ತಲಿನ ಪ್ಲಾಸ್ಟಿಕ್‌ಗೆ ಹರಿಯುವ ಅಪಾಯ ಇರುವುದರಿಂದ ನಾನಂತೂ ಹಚ್ಚುವುದಿಲ್ಲ.

ಸುಮ್ನೆ ಬಿಚ್ಚಬಾರದ ಸ್ಕ್ರೂಗಳು

ಥ್ರಾಟಲ್ ಬಾಡಿಯಲ್ಲಿ, ಹಾಗೆಯೇ ಹಳೆಯ 350 ಬುಲೆಟ್ಟಿನ ಸಿವಿ (ಎಂಜಿನ್ ಎಳೆತಕ್ಕೆ ಸ್ಲೈಡ್ ತಾನಾಗಿ ಏರುವ ಬಗೆಯ) ಕಾರ್ಬುರೇಟರಿನಲ್ಲಿ, ದುಂಡು ತಗಡಿನ ಬಟರ್‌ಫ್ಲೈಯನ್ನು ಶಾಫ್ಟಿಗೆ ಹಿಡಿದಿರುವ ಎರಡು ಪುಟ್ಟ ಸ್ಕ್ರೂಗಳಿರುತ್ತವೆ. ಇಡೀ ದಾರಿಯಲ್ಲಿ ಅತಿ ಅಪಾಯದವು ಇವೇ. ಬಿಚ್ಚಿದರೆ ಎಂಜಿನ್ನಿಗೂ ಇವಕ್ಕೂ ನಡುವೆ ತಡೆಯುವುದು ಏನೂ ಇಲ್ಲ. ಫ್ಯಾಕ್ಟರಿಯಲ್ಲಿ ಸಾಮಾನ್ಯವಾಗಿ ಇವುಗಳ ತುದಿಯನ್ನು ಬಡಿದು ಅಗಲ ಮಾಡಿರುತ್ತಾರೆ, ತಿರುಗದಿರಲಿ ಅಂತ. ಕ್ಲೀನ್ ಮಾಡುವ ಹುರುಪಿನಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತುಬರುತ್ತದೆ, ಮತ್ತೆ ಹಾಕಿದರೆ ನಿಲ್ಲುವುದಿಲ್ಲ. ಟಾರ್ಚ್ ಹಾಕಿ ನೋಡಿ, ಅಲುಗಾಡದಿದ್ದರೆ ಬಿಟ್ಟುಬಿಡಿ. ಅಲುಗಾಡುತ್ತಿದ್ದರೆ ಹೊಸ ಸ್ಕ್ರೂ ಹಾಕಿ ಮತ್ತೆ ತುದಿ ಬಡಿಯುವ ಕೆಲಸ ಗೊತ್ತಿರುವವರ ಹತ್ತಿರ ಕೊಡಿ.

ಆರ್‌ಎಕ್ಸ್ 100ರ ರೀಡ್ ವಾಲ್ವ್ ಸ್ಕ್ರೂಗಳೂ ಇದೇ ಜಾತಿ. ರೀಡ್ ಬದಲಿಸುವಾಗ ಬಿಚ್ಚಲೇಬೇಕು, ಹಾಕುವಾಗ ಥ್ರೆಡ್ ಲಾಕರ್ ಇಲ್ಲದೆ ಹಾಕಬಾರದು. ಬಿಗಿ ಸುಮಾರು 1 ನ್ಯೂಟನ್ ಮೀಟರ್, ಅಂದರೆ ಬೆರಳ ತುದಿಯಲ್ಲಿ ಹಿಡಿದ ಸಣ್ಣ ಡ್ರೈವರಿನಷ್ಟು ಮಾತ್ರ. ಇವು ಬಿದ್ದರೆ ಹೋಗುವುದು ಕ್ರ್ಯಾಂಕ್‌ಕೇಸಿಗೆ.

ಎಣಿಸಿದಾಗ ಒಂದು ಕಡಿಮೆ ಬಂದರೆ

ಕಿಕ್ ಹೊಡೆಯಬೇಡಿ, ಸೆಲ್ಫ್ ಒತ್ತಬೇಡಿ. 'ಎಲ್ಲೋ ರಸ್ತೆಯಲ್ಲಿ ಬಿದ್ದಿರಬೇಕು ಬಿಡು' ಅನ್ನುವ ಸಮಾಧಾನ ಫಿಲ್ಟರಿನ ಹೊರಗಿನ ಸ್ಕ್ರೂಗೆ ಸರಿ. ಒಳಗಿನದಾದರೆ ಸಿಗುವವರೆಗೆ ಹುಡುಕಬೇಕು. ಮೊದಲು ಡಬ್ಬಿಯ ತಳ, ಆಮೇಲೆ ಟ್ಯೂಬಿನ ಮಡಿಕೆಗಳು, ಕಾರ್ಬುರೇಟರ್ ಬಾಯಿ, ಕಾರ್ಬುರೇಟರ್ ತೆಗೆದು ಇನ್‌ಲೆಟ್ ಪೋರ್ಟ್, ಕೊನೆಗೆ ಪ್ಲಗ್ ಬಿಚ್ಚಿ ಪಿಸ್ಟನ್ ಮೇಲೆ. ಮೊಬೈಲಿಗೆ ಚುಚ್ಚುವ ಎಂಡೋಸ್ಕೋಪ್ ಕ್ಯಾಮೆರಾ ಈಗ ಅಗ್ಗದಲ್ಲೇ ಸಿಗುತ್ತದೆ, ಪ್ಲಗ್ ತೂತಿನಿಂದ ಇಳಿಸಿ ನೋಡಬಹುದು. ಮ್ಯಾಗ್ನೆಟ್ ಕಡ್ಡಿ ಉಕ್ಕಿನ ಸ್ಕ್ರೂ ಎತ್ತುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಎತ್ತುವುದಿಲ್ಲ, ಸ್ಟೇನ್‌ಲೆಸ್ ಬಹುಪಾಲು ಎತ್ತುವುದಿಲ್ಲ. ಹಾಗಾಗಿ ಅಂದಕ್ಕೆ ಅಂತ ಡಬ್ಬಿಯ ಒಳಗಿನ ಸ್ಕ್ರೂಗಳನ್ನು ಸ್ಟೇನ್‌ಲೆಸ್‌ಗೆ ಬದಲಿಸುವುದು ನನಗೆ ಅಷ್ಟು ಇಷ್ಟವಿಲ್ಲ. ವಾಲ್ವ್ ತೆರೆದಿದ್ದು ಸ್ಕ್ರೂ ಸಿಲಿಂಡರಿನೊಳಗೆ ಇಳಿದದ್ದು ಕ್ಯಾಮೆರಾದಲ್ಲಿ ಕಂಡು, ಪ್ಲಗ್ ತೂತಿನಿಂದ ಎತ್ತಲು ಆಗದಿದ್ದರೆ ಹೆಡ್ ಇಳಿಸಲೇಬೇಕು. ಗಾಡಿಯನ್ನು ತಳ್ಳಿಕೊಂಡು ಹೋಗುವಾಗಲೂ ನ್ಯೂಟ್ರಲ್‌ನಲ್ಲಿ ಇರಲಿ.

ಎಲ್ಲ ಹಾಕಿದ ಮೇಲೆ ತುರುಕಿದ ಬಟ್ಟೆ ಹೊರಗಿದೆಯಾ ನೋಡಿ. ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಭಾಗಕ್ಕೆ ದಾಟುವ ಹಾಗೆ ಪೇಂಟ್ ಮಾರ್ಕರಿನಲ್ಲೋ ಉಗುರುಬಣ್ಣದಲ್ಲೋ ಒಂದು ಗೆರೆ ಎಳೆಯಿರಿ. ಒಂದಷ್ಟು ದಿನ ಓಡಿಸಿ, ಎಂಜಿನ್ ತಣ್ಣಗಿರುವಾಗ ಸೈಡ್ ಪ್ಯಾನಲ್ ತೆಗೆದು ಟಾರ್ಚ್ ಬಿಡಿ. ಗೆರೆ ನೇರವಾಗಿದ್ದರೆ ಸ್ಪ್ಯಾನರ್ ಮುಟ್ಟಬೇಡಿ, ಥ್ರೆಡ್ ಲಾಕರ್ ಹಚ್ಚಿದ್ದನ್ನು ಸುಮ್ನೆ ತಿರುಗಿಸಿ ನೋಡಿದರೆ ಅದರ ಹಿಡಿತ ಒಡೆಯುತ್ತದೆ. ಗೆರೆ ತುಂಡಾಗಿದ್ದರೆ ಆ ಒಂದು ಬೋಲ್ಟನ್ನು ಪೂರ್ತಿ ಬಿಚ್ಚಿ, ಕಾಲರ್, ಉದ್ದ, ಥ್ರೆಡ್ ಮೂರನ್ನೂ ಮತ್ತೆ ನೋಡಿ.